ಮಾಡ್ಯೂಲ್ ಹೋಗಿದೆ ಅಂದ್ರೆ, ಮೊದಲು ಮೀಟರ್ ಹಿಡೀರಿ ಅನ್ನಿ

ಸರ್ಜಾಪುರ, ಹುಸ್ಕೂರು, ಅತ್ತಿಬೆಲೆ ಕಡೆ ತರಕಾರಿ ಗಾಡಿ ಇಟ್ಟಿರೋ ರೈತ ಮಿತ್ರರೇ, ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಒಂದೆರಡು ವರ್ಷದಿಂದ ನಮ್ಮ ಕಡೆ ಒಂದೇ ಮಾತು ಪದೇ ಪದೇ ಕೇಳ್ತಾ ಇದ್ದೀನಿ. "ಎಬಿಎಸ್ ಲೈಟು ಹತ್ಕೊಂಡ್ತು, ತೋರಿಸ್ದೆ, ಕಂಪ್ಯೂಟರ್ ಹಾಕಿ ನೋಡಿದ್ರು, ಮಾಡ್ಯೂಲ್ ಹೋಗಿದೆ ಅಂದ್ರು." ಅಲ್ಲಿಗೆ ಮಾತು ಮುಗೀತು. ಮೂವತ್ತು, ನಲವತ್ತು ಸಾವಿರದ ಎಸ್ಟಿಮೇಟ್ ಕೈಗೆ ಬರುತ್ತೆ. ಟೊಮೆಟೊ ಬಾಕ್ಸು ನೂರು ರೂಪಾಯಿಗೆ ಇಳಿದಿರೋ ದಿನ ಅದು ಎಷ್ಟು ಬಾಕ್ಸು ಆಯ್ತು ಅಂತ ನೀವೇ ಲೆಕ್ಕ ಹಾಕಿ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಸ್ಕ್ಯಾನರ್ ಪರದೆ ಮೇಲೆ "ಸಂಪರ್ಕ ಇಲ್ಲ" ಅಂತ ಬಂದಿದ್ದನ್ನ ಮಾಡ್ಯೂಲಿನ ಮರಣ ಪ್ರಮಾಣಪತ್ರ ಅಂತ ಒಪ್ಪಿಕೊಳ್ಳಬಾರದು. ಕರೆಂಟು, ಅರ್ಥಿಂಗು, ಮಾತಾಡೋ ಎರಡು ತಂತಿ, ಇಷ್ಟನ್ನ ಅಳೆದು ತೋರಿಸದೆ ಯಾರೇ ಮಾಡ್ಯೂಲ್ ಬದಲಿಸಬೇಕು ಅಂದ್ರೂ ಒಂದು ರೂಪಾಯಿ ಬಿಚ್ಚಬಾರದು.

ಮೊದಲು ಈ ಡಬ್ಬ ಏನು ಅನ್ನೋದು. ಬಾನೆಟ್ ಎತ್ತಿದ್ರೆ ಬ್ರೇಕ್ ಪೈಪುಗಳೆಲ್ಲ ಬಂದು ಸೇರೋ ಒಂದು ಅಲ್ಯೂಮಿನಿಯಂ ಗಟ್ಟಿ ಕಾಣುತ್ತೆ, ಅದರ ಒಂದು ಪಕ್ಕಕ್ಕೆ ಮೋಟಾರು, ಇನ್ನೊಂದು ಪಕ್ಕಕ್ಕೆ ಅಂಟಿದ ಹಾಗೆ ಕಪ್ಪು ಪ್ಲಾಸ್ಟಿಕ್ ಡಬ್ಬ. ಆ ಕಪ್ಪು ಡಬ್ಬವೇ ಮಾಡ್ಯೂಲ್. ಚಕ್ರಗಳ ಹತ್ತಿರ ಇರೋ ಸೆನ್ಸರ್‌ಗಳಿಂದ ಯಾವ ಚಕ್ರ ಎಷ್ಟು ವೇಗದಲ್ಲಿ ತಿರುಗ್ತಿದೆ ಅಂತ ಓದ್ತಾ ಇರುತ್ತೆ. ಜೋರಾಗಿ ಬ್ರೇಕ್ ಒತ್ತಿದಾಗ ಒಂದು ಚಕ್ರ ಲಾಕ್ ಆಗೋಕೆ ಹೊರಟ್ರೆ ಆ ಚಕ್ರದ ಆಯಿಲ್ ಒತ್ತಡವನ್ನ ಕ್ಷಣಕ್ಷಣಕ್ಕೂ ಬಿಟ್ಟು ಹಿಡಿದು ಮಾಡುತ್ತೆ. ಬಾಷ್ ಕಂಪನಿ ಇದನ್ನ ಕಾರಿಗೆ ಅಂತ ತಯಾರಿಸೋಕೆ ಶುರು ಮಾಡಿದ್ದು 1978ರಲ್ಲಿ. ನಮ್ಮ ದೇಶದಲ್ಲಿ ಭಾರಿ ಲಾರಿ, ಬಸ್ಸಿಗೆ 2015ರಿಂದ, ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಕಡ್ಡಾಯ ಆಯ್ತು. ಈಗ ಹಲವು ಪಿಕಪ್‌ಗಳಲ್ಲೂ ಇದೆ. ಅಂದ್ರೆ ನಮ್ಮ ಕಡೆ ಓಡ್ತಿರೋ ಈ ಡಬ್ಬಗಳಲ್ಲಿ ಬಹಳಷ್ಟು ಈಗ ಐದಾರು ವರ್ಷದ ವಯಸ್ಸಿಗೆ ಬರ್ತಿವೆ, ವಾರಂಟಿ ಮುಗೀತಿದೆ, ತಂತಿಗಳಿಗೆ ಪಾಚಿ ಹಿಡಿಯೋ ಕಾಲ ಇದು.

ಗಾಡಿಯಲ್ಲಿ ಇಂಜಿನ್ನಿಗೆ ಒಂದು ಮಾಡ್ಯೂಲ್, ಬ್ರೇಕಿಗೆ ಒಂದು, ಮೀಟರ್ ಬೋರ್ಡಿಗೆ ಒಂದು, ಏರ್‌ಬ್ಯಾಗಿಗೆ ಒಂದು ಅಂತ ಇರುತ್ತವೆ. ಇವೆಲ್ಲ ಒಂದರ ಜೊತೆ ಒಂದು ಮಾತಾಡೋದು ಹಗ್ಗದ ಹಾಗೆ ಹೊಸೆದ ಎರಡು ಸಣ್ಣ ತಂತಿ ಮೇಲೆ. ಇದಕ್ಕೆ ಕ್ಯಾನ್ ಅಂತಾರೆ. ಇದೂ ಬಾಷ್‌ನವರೇ 1986ರಲ್ಲಿ ಲೋಕಕ್ಕೆ ತೋರಿಸಿದ್ದು. ನಮಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದ್ರೆ ಹೊಲದ ಡ್ರಿಪ್ ನೆನಪಿಸಿಕೊಳ್ಳಿ. ಒಂದು ಮೈನ್ ಪೈಪು, ಅದರಿಂದ ಕವಲೊಡೆದ ಲ್ಯಾಟರಲ್‌ಗಳು, ಮೈನಿನ ತುದಿಗೆ ಎಂಡ್ ಕ್ಯಾಪ್. ಕ್ಯಾನ್ ತಂತಿಗೂ ಎರಡು ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತೆ, ಅದು ಇಲ್ಲಿನ ಎಂಡ್ ಕ್ಯಾಪ್. ಅದು ಕಳಚಿದ್ರೆ ಸಿಗ್ನಲ್ ತುದಿಗೆ ಹೋಗಿ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬಂದು ಮಾತನ್ನೆಲ್ಲ ಕಲಸಿಬಿಡುತ್ತೆ. ಎಬಿಎಸ್ ಮಾಡ್ಯೂಲ್ ಬಹಳ ಗಾಡಿಗಳಲ್ಲಿ ಒಂದು ಕವಲಿನ ಮೇಲೆ ಕೂತಿರುತ್ತೆ, ಕೆಲವದರಲ್ಲಿ ತುದಿಯಲ್ಲೇ ಇರುತ್ತೆ.

ಈಗ ಯೋಚನೆ ಮಾಡಿ. ಇಪ್ಪತ್ತು ಸಾಲಲ್ಲಿ ಒಂದೇ ಸಾಲು ಒಣಗ್ತಿದ್ರೆ ನೀವು ಬೋರ್ ಮೋಟಾರ್ ಎತ್ತಿಸ್ತೀರಾ? ಇಲ್ಲ, ಆ ಸಾಲಿನ ಟ್ಯಾಪ್ ನೋಡ್ತೀರಾ, ಪೈಪ್ ಇಲಿ ಕಡಿದಿದೆಯಾ ನೋಡ್ತೀರಾ. ಎಲ್ಲಾ ಸಾಲೂ ಒಣಗಿದ್ರೆ ಮೈನ್ ಕಡೆ ಹೋಗ್ತೀರಾ. ಗಾಡಿಯಲ್ಲೂ ಇದೇ ಲೆಕ್ಕ. ಸ್ಕ್ಯಾನರಿಗೆ ಇಂಜಿನ್ನು, ಮೀಟರ್ ಬೋರ್ಡು ಉತ್ತರ ಕೊಟ್ಟು ಎಬಿಎಸ್ ಒಂದೇ ಸುಮ್ಮನಿದ್ರೆ ತೊಂದರೆ ಅದರ ಕವಲಲ್ಲಿ, ಅದರ ಫ್ಯೂಸಲ್ಲಿ, ಅದರ ಅರ್ಥಿಂಗಲ್ಲಿ, ಇಲ್ಲಾ ಅದರೊಳಗೇ. ಮೂರ್ನಾಲ್ಕು ಒಟ್ಟಿಗೆ ಮೌನ ಆದ್ರೆ ಮೈನ್ ತಂತಿ ಎಲ್ಲೋ ಶಾರ್ಟ್ ಆಗಿದೆ, ತುಂಡಾಗಿದೆ. ಇದನ್ನ ಕೇಳೋಕೆ ಇಂಜಿನಿಯರ್ ಆಗಬೇಕಿಲ್ಲ. "ಉಳಿದವು ಉತ್ತರ ಕೊಡ್ತಿವೆಯಾ?" ಅನ್ನೋದು ಮೊದಲ ಪ್ರಶ್ನೆ.

ಯು0121 ಅನ್ನೋ ಕೋಡ್ ನಿಮ್ಮ ಕಾಗದದ ಮೇಲೆ ಇದ್ರೆ ಅದರ ಅರ್ಥ ಇಷ್ಟೇ: ಎಬಿಎಸ್ ಮಾಡ್ಯೂಲ್ ಜೊತೆ ಸಂಪರ್ಕ ತಪ್ಪಿದೆ. ಇದನ್ನ ಬರೆದಿಟ್ಟಿರೋದು ಎಬಿಎಸ್ ಅಲ್ಲ, ಇಂಜಿನ್ ಮಾಡ್ಯೂಲೋ ಇನ್ನೊಂದೋ. ಪಕ್ಕದ ಮನೆಯವರು ಬಂದು "ಕೂಗಿದೆ, ಓಗೊಡಲಿಲ್ಲ" ಅಂತ ದೂರು ಬರೆದುಕೊಟ್ಟ ಹಾಗೆ. ಒಳಗಿರೋನು ಸತ್ತಿದ್ದಾನೋ, ಕರೆಂಟ್ ಹೋಗಿ ಕತ್ತಲಲ್ಲಿ ಕೂತಿದ್ದಾನೋ, ಬಾಗಿಲು ಹೊರಗಿನಿಂದ ಚಿಲಕ ಹಾಕಿದೆಯೋ, ಆ ದೂರಿನಲ್ಲಿ ಇರಲ್ಲ. ಆದ್ರೂ ಬಹಳ ಕಡೆ ಆ ದೂರನ್ನೇ ತೀರ್ಪು ಅಂತ ಓದ್ತಾರೆ.

ನಮ್ಮ ಪಿಕಪ್ಪಿನದೇ ಹೇಳ್ತೀನಿ. ಹೋದ ಮಳೆಗಾಲ, ಬೀನ್ಸ್ ತುಂಬಿಕೊಂಡು ಕಲಾಸಿಪಾಳ್ಯಕ್ಕೆ ಹೋಗೋವಾಗ ಬೆಳಗಿನ ಜಾವ ಹೊಸೂರು ರಸ್ತೇಲಿ ಎಬಿಎಸ್ ಲೈಟೂ ಕೆಂಪು ಬ್ರೇಕ್ ಲೈಟೂ ಒಟ್ಟಿಗೆ ಹತ್ತಿದವು, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿತ್ತು. ಮುಳ್ಳು ಬೀಳೋದಕ್ಕೂ ಬ್ರೇಕಿಗೂ ಏನು ಸಂಬಂಧ ಅಂತ ಕೇಳಬಹುದು. ಈಗಿನ ಬಹಳ ಗಾಡಿಗಳಲ್ಲಿ ವೇಗದ ಲೆಕ್ಕ ಮೀಟರಿಗೆ ಹೋಗೋದೇ ಎಬಿಎಸ್ ಮಾಡ್ಯೂಲಿನಿಂದ, ಅದೇ ಎರಡು ತಂತಿ ಮೇಲೆ. ಅದು ಮಾತು ನಿಲ್ಲಿಸಿದ್ರೆ ಮುಳ್ಳೂ ಮಲಗುತ್ತೆ. ಒಂದು ಸರ್ವಿಸ್ ಸೆಂಟರಿನಲ್ಲಿ ಹತ್ತು ನಿಮಿಷಕ್ಕೆ ಮಾಡ್ಯೂಲ್ ಬದಲಿಸಬೇಕು ಅಂತ ನಲವತ್ತೊಂದು ಸಾವಿರದ ಎಸ್ಟಿಮೇಟ್ ಬಂತು. ಏನೇನು ಅಳೆದ್ರಿ, ಬರೆದುಕೊಡಿ ಅಂದೆ. ಬರೆದುಕೊಡೋಕೆ ಏನೂ ಇರಲಿಲ್ಲ.

ಗಾಡಿ ವಾಪಸ್ ತಂದು ಚಂದಾಪುರದ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹುಡುಗನಿಗೆ ತೋರಿಸಿದೆ. ಅವನು ಲ್ಯಾಪ್‌ಟಾಪ್ ತೆಗೀಲೇ ಇಲ್ಲ. ಮೊದಲು ಬ್ಯಾಟರಿ ನೋಡಿದ. ಬ್ಯಾಟರಿ ಸೋತಿದ್ರೆ ಸ್ಟಾರ್ಟ್ ಮಾಡೋವಾಗ ವೋಲ್ಟೇಜ್ ಕುಸಿದು ಮಾಡ್ಯೂಲ್‌ಗಳು ಒಂದೊಂದಾಗಿ ಮಾತು ಬಿಡ್ತವೆ, ಇಲ್ಲದ ಕೋಡ್‌ಗಳೆಲ್ಲ ಬರ್ತವೆ. ಬ್ಯಾಟರಿ ಚೆನ್ನಾಗಿತ್ತು. ಆಮೇಲೆ ಫ್ಯೂಸು. ಎಬಿಎಸ್‌ಗೆ ಸಾಮಾನ್ಯವಾಗಿ ಒಂದೇ ಫ್ಯೂಸ್ ಇರಲ್ಲ. ಪಂಪ್ ಮೋಟಾರಿಗೆ ಒಂದು ದೊಡ್ಡದು, ವಾಲ್ವ್‌ಗಳಿಗೆ ಇನ್ನೊಂದು, ಕೀ ಆನ್ ಮಾಡಿದಾಗ ಬರೋ ಸಣ್ಣದೊಂದು. ಸಣ್ಣದು ಸುಟ್ಟರೂ ಡಬ್ಬ ಮೂಕ. ಎಲ್ಲಾ ಸರಿ ಇದ್ವು. ಕನೆಕ್ಟರ್ ಕಳಚಿ, ಕರೆಂಟ್ ಪಿನ್ನಿಗೂ ಅರ್ಥಿಂಗ್ ಪಿನ್ನಿಗೂ ಮೀಟರ್ ಹಿಡಿದ, 12.4 ವೋಲ್ಟ್. ಇಲ್ಲಿಗೆ ಬಿಟ್ಟಿದ್ರೆ ಅವನೂ "ಮಾಡ್ಯೂಲೇ" ಅನ್ನಬೇಕಿತ್ತು. ಆದ್ರೆ ಅವನು ಮೀಟರ್ ಪಕ್ಕಕ್ಕಿಟ್ಟು ಹಳೇ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನ ಅವೇ ಎರಡು ಪಿನ್ನಿಗೆ ಕೊಟ್ಟ. ಬಲ್ಬು ಹಣತೆ ಹಾಗೆ ಮಿಣಿಮಿಣಿ ಅಂತು.

ಇದು ನಮಗೆ ಹೊಸದಲ್ಲ ಕಣ್ರೀ. ಬೋರ್ ಸ್ಟಾರ್ಟರಿನಲ್ಲಿ ಮೂರೂ ಫೇಸ್ ವೋಲ್ಟೇಜ್ ತೋರಿಸ್ತಾ ಇರುತ್ತೆ, ಬಟನ್ ಒತ್ತಿದ್ರೆ ಮೋಟಾರ್ ಗುಂಯ್ ಅಂತ ನಿಲ್ಲುತ್ತೆ. ಜಾಯಿಂಟ್ ಸುಟ್ಟಿರುತ್ತೆ, ಲೋಡ್ ಬೀಳೋವರೆಗೂ ಮೀಟರ್ ಸುಳ್ಳು ಹೇಳ್ತಾ ಇರುತ್ತೆ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿರೋ ತಂತಿಯೂ ಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸುತ್ತೆ, ಯಾಕೆಂದ್ರೆ ಮೀಟರ್ ಎಳೆಯೋ ಕರೆಂಟು ಏನೇನೂ ಇಲ್ಲ. ಅದಕ್ಕೇ ಲೋಡ್ ಕೊಟ್ಟು ನೋಡಬೇಕು.

ಬಲ್ಬು ಉರೀತಿರೋವಾಗಲೇ ಅರ್ಥಿಂಗ್ ಪಿನ್ನಿಗೂ ಬ್ಯಾಟರಿ ಮೈನಸ್ಸಿಗೂ ಮೀಟರ್ ಇಟ್ಟ. ಆರೋಗ್ಯವಾಗಿರೋ ಅರ್ಥಿಂಗಲ್ಲಿ ಅದು 0.1, ಹೆಚ್ಚಂದ್ರೆ 0.2 ವೋಲ್ಟ್ ಇರಬೇಕು. ನಮ್ಮದರಲ್ಲಿ ಮೂರು ವೋಲ್ಟಿನ ಮೇಲಿತ್ತು. ತಂತಿ ಹಿಡಿದು ಹೋದ್ರೆ ಬ್ಯಾಟರಿ ತಟ್ಟೆ ಕೆಳಗೆ ಚಾಸಿಗೆ ಬಿಗಿದ ಬೋಲ್ಟು, ಅದರ ಲಗ್ಗಿಗೆ ಹಸಿರು ಬಿಳಿ ಹುಡಿ ಕಟ್ಟಿ ಲೋಹ ಅರ್ಧ ತಿಂದುಹೋಗಿತ್ತು. ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿ, ಬಿಗಿದು, ಮೇಲೆ ಗ್ರೀಸ್ ಸವರಿದ. ಕೋಡ್ ಅಳಿಸಿ ಅರ್ಧ ಕಿಲೋಮೀಟರ್ ಓಡಿಸಿದ್ರೆ ಎರಡೂ ಲೈಟ್ ಆರಿದವು, ಮುಳ್ಳು ಎದ್ದಿತು. ಎಂಟು ನೂರು ರೂಪಾಯಿ ಕೇಳಿದ, ಸಾವಿರ ಕೊಟ್ಟೆ.

ಈ ಹುಡಿ ಯಾಕೆ ನಮ್ಮ ಗಾಡಿಗಳಲ್ಲೇ ಜಾಸ್ತಿ? ಟೆಕ್ ಪಾರ್ಕಿನ ಬೇಸ್‌ಮೆಂಟಲ್ಲಿ ನಿಲ್ಲೋ ಕಾರು ಹೊರೋದು ಲ್ಯಾಪ್‌ಟಾಪ್ ಬ್ಯಾಗು. ನಮ್ಮದು ಕೋಳಿ ಗೊಬ್ಬರ, ಯೂರಿಯಾ, ಪೊಟ್ಯಾಷ್, ಒದ್ದೆ ಸೊಪ್ಪು ಹೊರುತ್ತೆ. ಕೋಳಿ ಗೊಬ್ಬರದಿಂದ ಏಳೋ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತೆ. ನಾವು ಹಾಕೋ ಮ್ಯುರೇಟ್ ಆಫ್ ಪೊಟ್ಯಾಷ್ ಅಂದ್ರೆ ಒಂಥರಾ ಉಪ್ಪೇ, ಗಾಳಿಯ ತೇವ ಎಳೆದುಕೊಂಡು ಲೋಹಕ್ಕೆ ಅಂಟಿ ಕೂರುತ್ತೆ. ಅದರ ಮೇಲೆ ಪ್ರೆಶರ್ ಪಂಪಿನಿಂದ ಬಾನೆಟ್ ಒಳಗೆಲ್ಲ ನೀರು ಹೊಡೀತೀವಿ. ಇನ್ನು ಶೆಡ್ಡಿನಲ್ಲಿ ಮೂಟೆ ಪಕ್ಕ ನಿಂತ ಗಾಡಿಗೆ ಇಲಿ ಬಾರದೆ ಇರುತ್ತಾ?

ಅರ್ಥಿಂಗ್ ಸರಿ ಇದ್ದು ಕರೆಂಟೂ ಲೋಡಿಗೆ ನಿಂತ್ರೆ ಆಮೇಲೆ ಮಾತಾಡೋ ತಂತಿಗಳ ಸರದಿ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚೋ 16 ಪಿನ್ನಿನ ಸಾಕೆಟ್ ಇದೆಯಲ್ಲ, ಅದರಲ್ಲಿ 6ನೇ ಪಿನ್ನು ಕ್ಯಾನ್ ಹೈ, 14ನೇದು ಕ್ಯಾನ್ ಲೋ. 16ರಲ್ಲಿ ಬ್ಯಾಟರಿ ಪ್ಲಸ್ಸು, 4 ಮತ್ತು 5 ಅರ್ಥಿಂಗು. ಕೀ ತೆಗೆದು, ಬ್ಯಾಟರಿ ಮೈನಸ್ ಕಳಚಿ, ಐದು ನಿಮಿಷ ಬಿಟ್ಟು 6ಕ್ಕೂ 14ಕ್ಕೂ ಓಮ್ಸ್ ನೋಡಿ. 60ರ ಆಸುಪಾಸು ಬಂದ್ರೆ ಎರಡೂ ತುದಿಯ ರೆಸಿಸ್ಟರ್ ಇವೆ ಅಂತ. 120 ಬಂದ್ರೆ ಒಂದು ತುದಿ ಕಳಚಿದೆ. ಸೊನ್ನೆ ಹತ್ತಿರ ಬಂದ್ರೆ ಎರಡು ತಂತಿ ಎಲ್ಲೋ ಒಂದಕ್ಕೊಂದು ಅಂಟಿವೆ. ಬ್ಯಾಟರಿ ಮತ್ತೆ ಕೊಟ್ಟು ಕೀ ಆನ್ ಮಾಡಿ ಅರ್ಥಿಂಗಿಗೆ ಅಳೆದ್ರೆ ಹೈ ತಂತಿ ಎರಡೂವರೆ ವೋಲ್ಟಿಗಿಂತ ಚೂರು ಮೇಲೆ, ಲೋ ತಂತಿ ಚೂರು ಕೆಳಗೆ ಇರಬೇಕು, ಎರಡೂ ಕೂಡಿದ್ರೆ ಸುಮಾರು 5. ಒಂದು ಸೊನ್ನೆಯಲ್ಲೋ 12ರಲ್ಲೋ ನಿಂತಿದ್ರೆ ಆ ತಂತಿ ಬಾಡಿಗೋ ಕರೆಂಟಿಗೋ ತಾಗಿದೆ.

ಇಲ್ಲಿ ಒಂದು ಮೋಸ ಇದೆ, ಒಳ್ಳೆ ಮೆಕ್ಯಾನಿಕ್‌ಗಳೇ ಬೀಳೋದು ಇಲ್ಲಿ. ಸಾಕೆಟ್ಟಿನಲ್ಲಿ 60 ಬಂತು ಅಂದ ಮಾತ್ರಕ್ಕೆ ಎಬಿಎಸ್ ತಂತಿ ಸರಿ ಇದೆ ಅಂತ ಅಲ್ಲ. ಲ್ಯಾಟರಲ್ ತುಂಡಾದ್ರೂ ಮೈನಿನ ಎಂಡ್ ಕ್ಯಾಪ್ ತುದಿಯಲ್ಲೇ ಇರುತ್ತಲ್ಲ, ಹಾಗೆ ಕವಲು ತುಂಡಾಗಿದ್ರೂ 60 ಬಂದೇ ಬರುತ್ತೆ. ಅದಕ್ಕೆ ಎಬಿಎಸ್ ಕನೆಕ್ಟರ್ ಕಳಚಿ ಅದರ ಎರಡು ಕ್ಯಾನ್ ಪಿನ್ನಿನ ಹತ್ತಿರವೂ ಅಳೀಬೇಕು. ಅಲ್ಲೂ 60 ಬಂದ್ರೆ ತಂತಿ ಸರಿ. ಮಾಡ್ಯೂಲ್ ತುದಿಯಲ್ಲೇ ಕೂತಿರೋ ಗಾಡಿಯಲ್ಲಿ, ಕನೆಕ್ಟರ್ ಕಳಚಿದ್ದಕ್ಕೆ ಅಲ್ಲಿ 120 ಬರುತ್ತೆ, ಅದು ಸರಿಯೇ. ಕೆಲವು ಹೊಸ ಗಾಡಿಗಳಲ್ಲಿ ಸಾಕೆಟ್ಟಿಗೂ ಒಳಗಿನ ತಂತಿಗೂ ಮಧ್ಯೆ ಗೇಟ್‌ವೇ ಅನ್ನೋ ಕಾವಲುಗಾರ ಡಬ್ಬ ಇರುತ್ತೆ, ಅಂಥದರಲ್ಲಿ ಸಾಕೆಟ್ಟಿನ ಅಳತೆಗೆ ಬೆಲೆಯೇ ಇಲ್ಲ, ವೈರಿಂಗ್ ನಕ್ಷೆ ಬೇಕೇ ಬೇಕು.

ಬಲ್ಬ್ ಪರೀಕ್ಷೆ ಕರೆಂಟ್ ತಂತಿಗೆ ಮಾತ್ರ, ಕ್ಯಾನ್ ತಂತಿಗೆ ಯಾವತ್ತೂ ಬೇಡ. ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಕೈ ಹಚ್ಚಬೇಡಿ. ತುಂಡಾದ ಕ್ಯಾನ್ ತಂತಿ ಕೂಡಿಸೋವಾಗ ಹೊಸೆತ ಬಿಚ್ಚಿ ಉದ್ದಕ್ಕೆ ಬಿಡಬಾರದು. ಹೊಸೆದಿರೋದಕ್ಕೇ ಹೊರಗಿನ ಗದ್ದಲ ಎರಡು ತಂತಿಗೂ ಸಮ ಬಿದ್ದು ವಜಾ ಆಗೋದು. ಹಾರ್ನು, ಎಲ್‌ಇಡಿ ಬಾರು, ಜಿಪಿಎಸ್ ಟ್ರ್ಯಾಕರ್ ಹಾಕಿಸಿದ ಗಾಡಿ ಆದ್ರೆ ಅದರ ಕರೆಂಟ್ ಎಲ್ಲಿಂದ ಕದ್ದಿದ್ದಾರೆ ಅಂತ ಮೊದಲೇ ನೋಡಿ, ನಾನು ನೋಡಿದ ಎರಡು ಗಾಡಿಗಳಲ್ಲಿ ಎಬಿಎಸ್ ಫ್ಯೂಸಿನಿಂದಲೇ ಎಳೆದಿದ್ರು.

ಎಲ್ಲಾ ಸಲವೂ ಅರ್ಥಿಂಗೇ ಅಂತ ನಾನು ಹೇಳ್ತಿಲ್ಲ. ಪಕ್ಕದ ಊರಿನ ಒಬ್ಬರ ಗಾಡಿಯಲ್ಲಿ ಕರೆಂಟು, ಅರ್ಥಿಂಗು, ಕ್ಯಾನ್ ಮೂರೂ ಕನೆಕ್ಟರಿನವರೆಗೂ ಸರಿ ಬಂದು, ಡಬ್ಬ ಮಾತ್ರ ಉಸಿರೆತ್ತಲಿಲ್ಲ. ಅದು ನಿಜವಾಗ್ಲೂ ಸತ್ತಿತ್ತು, ಬದಲಿಸಿದ್ರು, ಸರಿಯಾಯ್ತು. ಅವರ ಕಾಸು ಅಳೆದ ಮೇಲೆ ಹೋಯ್ತು, ಅಷ್ಟೇ ವ್ಯತ್ಯಾಸ. ಆದ್ರೆ ಜೆ.ಸಿ. ರಸ್ತೆ ಕಡೆ ಸೆಕೆಂಡ್ ಹ್ಯಾಂಡ್ ಡಬ್ಬ ತಂದು ಸಿಕ್ಕಿಸಿಬಿಡೋಣ ಅನ್ನೋರಿಗೆ ಒಂದು ಮಾತು. ಈ ಡಬ್ಬಕ್ಕೆ ಗಾಡಿಯ ಮಾದರಿಗೆ ತಕ್ಕ ಕೋಡಿಂಗ್ ಬೇಕು. ಪಾರ್ಟ್ ನಂಬರ್ ಬೇರೆ ಇದ್ದದ್ದು ಹಾಕಿದ್ರೆ ಅದು ಮಾತಾಡಬಹುದು, ಲೈಟೂ ಆರಬಹುದು, ಆದ್ರೆ ಲೆಕ್ಕ ಬೇರೆ ಗಾಡಿಯದ್ದು. ಪೈಪ್ ಬಿಚ್ಚಿ ಇಡೀ ಗಟ್ಟಿ ಬದಲಿಸಿದ್ರೆ ಗಾಳಿ ತೆಗೆಯೋದಕ್ಕೂ ಬಹಳ ಗಾಡಿಗೆ ಸ್ಕ್ಯಾನರ್ ಬೇಕು. ಬ್ರೇಕ್ ವಿಷಯದಲ್ಲಿ ಗುಜರಿ ಜೂಜು ಆಡೋಕೆ ನನಗಂತೂ ಮನಸ್ಸಿಲ್ಲ.

ಲೈಟ್ ಹತ್ತಿದ ಮೇಲೆ ಓಡಿಸಬಹುದಾ ಅಂತ ಕೇಳೋರು ಬಹಳ. ಎಬಿಎಸ್ ಲೈಟ್ ಒಂದೇ ಆದ್ರೆ ಮಾಮೂಲಿ ಬ್ರೇಕ್ ಇರುತ್ತೆ, ಚಕ್ರ ಲಾಕ್ ಆಗದಂತೆ ಕಾಯೋನು ಇರಲ್ಲ ಅಷ್ಟೇ. ಕೆಂಪು ಲೈಟೂ ಸೇರಿದ್ರೆ ಗಾಡಿ ನಿಲ್ಲಿಸಿ ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿ. ಆಯಿಲ್ ಸರಿ ಇದ್ದೂ ಎರಡೂ ಉರೀತಿದ್ರೆ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕು ಅಂತ ಹಂಚೋ ಕೆಲಸವೂ ನಿಂತಿರಬಹುದು. ಮಾಲು ಇಳಿಸಿ ಖಾಲಿ ಗಾಡಿ ಬರ್ತಿರ್ತೀರಾ, ರಸ್ತೆ ಒದ್ದೆ, ಜೋರಾಗಿ ಒತ್ತಿದ್ರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಬಾಲ ತಿರುಗುತ್ತೆ. ಹೊಸೂರು ರಸ್ತೆಯ ಕಂಟೇನರ್‌ಗಳ ಮಧ್ಯೆ ಅದು ಆಟ ಅಲ್ಲ. "ಲೈಟ್ ತಾನೇ, ಬಲ್ಬ್ ಕಿತ್ತು ಬಿಸಾಕು" ಅನ್ನೋ ಸಲಹೆ ಕೊಡೋರೂ ಇದ್ದಾರೆ. ನಲವತ್ತು ಸಾವಿರ ಅಂದ್ರೆ ಜನ ಆ ಕಡೆಗೇ ವಾಲೋದು, ಅದೇ ನನಗೆ ಭಯ. ತಪ್ಪು ಡಯಾಗ್ನೋಸಿಸ್‌ನಿಂದ ಬರೀ ಕಾಸು ಹೋಗಲ್ಲ, ಸರಿಪಡಿಸಬಹುದಾದ ಬ್ರೇಕ್ ಸರಿಯಾಗದೇ ರಸ್ತೆಗೆ ಇಳಿಯುತ್ತೆ.

ಇನ್ನು ಸ್ವಲ್ಪ ದೊಡ್ಡ ಮಾತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದ ಮೇಲೆ ಕಿಯೋನಿಕ್ಸ್‌ನವರು ಎಲೆಕ್ಟ್ರಾನಿಕ್ ಸಿಟಿ ಕಟ್ಟೋಕೆ ಹೊರಟಿದ್ದು 1978ರಲ್ಲಿ, ಬಾಷ್‌ನ ಎಬಿಎಸ್ ಕಾರಿಗೆ ಬಂದ ವರ್ಷವೇ. ಟ್ರ್ಯಾಕ್ಟರ್ ಇಟ್ಟ ಯಾರಿಗೆ ಮೈಕೋ ಪಂಪ್ ಗೊತ್ತಿಲ್ಲ? ಆಡುಗೋಡಿಯ ಆ ಮೈಕೋನೇ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿದ್ದು. ವೈಟ್‌ಫೀಲ್ಡಿನಲ್ಲಿ ಬೆನ್ಜ್ ಕಂಪನಿಯವರ ಸಂಶೋಧನಾ ಕೇಂದ್ರ ಇದೆ. ಜಗತ್ತಿನ ಗಾಡಿಗಳ ಸಾಫ್ಟ್‌ವೇರ್ ಬರೆಯೋರು ಬೆಳಿಗ್ಗೆ ನಮ್ಮ ಹೊಲದ ಪಕ್ಕದ ರಸ್ತೇಲೇ ಟ್ರಾಫಿಕ್ಕಿನಲ್ಲಿ ಕೂತಿರ್ತಾರೆ. ಪೀಣ್ಯದಲ್ಲಿ ಕನೆಕ್ಟರಿನ ಪಿನ್ನಿಂದ ಹಿಡಿದು ಏನು ಬೇಕಾದ್ರೂ ತಯಾರಿಸೋ ಕೈಗಳಿವೆ. ಆದ್ರೂ ಹತ್ತು ಕಿಲೋಮೀಟರ್ ಆಚೆಯ ಚಂದಾಪುರದ ಹುಡುಗನಿಗೆ ಒಂದು ಪಿಕಪ್ಪಿನ ವೈರಿಂಗ್ ನಕ್ಷೆ ಸಿಗಲ್ಲ. ವಾಟ್ಸಾಪಿನಲ್ಲಿ ಕದ್ದು ಓಡಾಡೋ ಮಸುಕು ಫೋಟೋ ಹಿಗ್ಗಿಸಿ ಹಿಗ್ಗಿಸಿ ಪಿನ್ ನಂಬರ್ ಓದ್ತಾನೆ.

ಸಾಕೆಟ್ಟಿನ ಮೂಲಕ ಎಲ್ಲರಿಗೂ ಓದೋಕೆ ಸಿಗಲೇಬೇಕು ಅಂತ ನಿಯಮ ಇರೋದು ಮುಖ್ಯವಾಗಿ ಹೊಗೆಗೆ ಸಂಬಂಧಪಟ್ಟ ಇಂಜಿನ್ ಕೋಡ್‌ಗಳಿಗೆ. ಬ್ರೇಕ್ ಮಾಡ್ಯೂಲಿನ ಭಾಷೆ ಕಂಪನಿ ಕೈಯಲ್ಲಿದೆ. ಅದಕ್ಕೇ ಆನ್‌ಲೈನಲ್ಲಿ ಸಾವಿರ ರೂಪಾಯಿಗೆ ಸಿಗೋ ಬ್ಲೂಟೂತ್ ಸ್ಕ್ಯಾನರ್ ಸಾಮಾನ್ಯವಾಗಿ ಎಬಿಎಸ್ ತಂಟೆಗೆ ಹೋಗಲ್ಲ. ಅದು "ಉತ್ತರ ಇಲ್ಲ" ಅಂದ್ರೆ ಮಾಡ್ಯೂಲ್ ಕೆಟ್ಟಿದೆ ಅಂತ ಅಲ್ಲ, ಆ ಸ್ಕ್ಯಾನರಿಗೆ ಆ ಭಾಷೆ ಬರಲ್ಲ ಅಂತ.

2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿ ಭಾಗ, ಡಯಾಗ್ನೋಸಿಸ್ ಸಲಕರಣೆ, ಮಾಹಿತಿಯನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಒಂದು ಸಮಿತಿ ಮಾಡಿ ಪೋರ್ಟಲ್ ತೆರೆಯಿತು, ಅದರ ಪಟ್ಟಿಯಲ್ಲಿ ಕೃಷಿ ಯಂತ್ರವೂ ವಾಹನವೂ ಇವೆ. ಅಮೆರಿಕದಲ್ಲಿ ಇದೇ ಜಗಳಕ್ಕೆ ರೈತರೇ ಮುಂದೆ ನಿಂತ್ರು, ಜಾನ್ ಡೀರ್ ಟ್ರ್ಯಾಕ್ಟರಿನ ಸಾಫ್ಟ್‌ವೇರಿನ ಮೇಲೆ. 2023ರ ಜನವರಿಯಲ್ಲಿ ಅಲ್ಲಿನ ಫಾರ್ಮ್ ಬ್ಯೂರೋ ಜೊತೆ ಕಂಪನಿ ಒಪ್ಪಂದ ಮಾಡಿಕೊಳ್ತು, ಅದಾದ ಮೇಲೂ 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ ಕೋರ್ಟಿಗೆ ಹೋಯ್ತು. ನಮ್ಮ ರೈತ ಸಂಘಗಳು ಹಾಲಿನ ದರ, ಭೂಸ್ವಾಧೀನಕ್ಕೆ ನಿಲ್ಲೋ ಹಾಗೆ ಇದಕ್ಕೂ ನಿಲ್ಲಬೇಕು ಅನ್ನೋದು ನನ್ನ ವಾದ. ಕೇಳಬೇಕಾದ್ದು ದೊಡ್ಡದೇನಲ್ಲ: ನಾವು ಕೊಂಡ ಗಾಡಿಯ ವೈರಿಂಗ್ ನಕ್ಷೆ ಮತ್ತು ಬ್ರೇಕ್ ಮಾಡ್ಯೂಲಿನ ಕೋಡ್ ಓದೋ ದಾರಿ, ನ್ಯಾಯವಾದ ಬೆಲೆಗೆ.

ಮೆಕ್ಯಾನಿಕ್‌ಗಳ ಪರವಾಗಿಯೂ ಒಂದು ಮಾತು. ತಂತಿ ಹಿಡಿದು ಹೋಗೋಕೆ ಎರಡು ಮೂರು ಗಂಟೆ ಬೇಕು. ಹುಡುಕಿದ್ದಕ್ಕೆ ಐನೂರು ರೂಪಾಯಿ ಕೇಳಿದ್ರೆ "ಬರೀ ನೋಡಿದ್ದಕ್ಕೆ ಐನೂರಾ?" ಅಂತ ಜಗಳ ಆಡೋ ಜನ, ಡಬ್ಬಕ್ಕೆ ನಲವತ್ತು ಸಾವಿರ ಅಂದ್ರೆ ಬಾಯಿ ಮುಚ್ಚಿಕೊಂಡು ಕೊಡ್ತಾರೆ. ಹೀಗಿದ್ರೆ ಯಾವ ಮೆಕ್ಯಾನಿಕ್ ಯಾಕೆ ಹುಡುಕ್ತಾನೆ? ಹುಡುಕೋ ಕೂಲಿ ಮೊದಲೇ ಮಾತಾಡಿ, ಕೊಡಿ. ಅಳತೆಗಳನ್ನ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ: ಬ್ಯಾಟರಿ ಎಷ್ಟು, ಲೋಡಿನಲ್ಲಿ ಕರೆಂಟ್ ಎಷ್ಟು, ಅರ್ಥಿಂಗ್ ಎಷ್ಟು ಬೀಳ್ತಿದೆ, ಕನೆಕ್ಟರಿನ ಹತ್ತಿರ ಎಷ್ಟು ಓಮ್.

ನಿಮ್ಮ ಗಾಡಿಯ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಡೆ ಅಂಟಿಸಿರೋ ಪಟ್ಟಿಯ ಫೋಟೋ, ಗಾಡಿ ಮಾದರಿ ಮತ್ತು ವರ್ಷದ ಜೊತೆ ಕೆಳಗೆ ಹಾಕಿ. ಬ್ಯಾಟರಿ ತಟ್ಟೆ ಸುತ್ತ ಎಬಿಎಸ್ ಅರ್ಥಿಂಗ್ ಬೋಲ್ಟ್ ಎಲ್ಲಿದೆ ಅಂತ ಗೊತ್ತಿರೋರು ಅದನ್ನೂ ಹಾಕಿ, ಹತ್ತು ಹನ್ನೆರಡು ಮಾದರಿ ಆದ ಮೇಲೆ ಒಂದೇ ಕಡೆ ಸೇರಿಸಿ ಮತ್ತೆ ಹಾಕ್ತೀನಿ.